ಜೋಡಿ ಸೈಕಲ್ಲಿನ ಹಿಂದಿನ ಸೀಟು

ಮಾರ್ಚ್ ೪, ಭಾನುವಾರ

ಪ್ರೀತಿಯ ಬುಗುರಿಗೆ,

ನಿನ್ನ ದರ್ಜಿಯ ನೆನಪುಗಳು. ಕಾಗದ ತಡವಾಯಿತು, ಬೈಯಬೇಡ. ಹೊಸ ಊರಿಗೆ ಹೋದ ವಾರದಲ್ಲೇ ನೀನು ಬರೆಸಿ ಕಳಿಸಿದ ಕಾಗದ ನನ್ನ ಬಟ್ಟೆ ಕತ್ತರಿಸುವ ಮೇಜಿನ ಡ್ರಾಯರಿನಲ್ಲೇ ಇದೆ. ಉತ್ತರ ಬರೆಯೋಣವೆಂದು ಕೂತಾಗಲೆಲ್ಲ ಯಾರಾದರೂ ಉದ್ದವಾದ ಪ್ಯಾಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಹೀಗೆಂದು ನೆಪ ಹೇಳಬಹುದು. ನಿಜ ಏನೆಂದರೆ, ಕಾಗದ ಬರೆದರೆ ನೀನು ಇಲ್ಲಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಅದಕ್ಕೇ ಮುಂದೂಡುತ್ತಾ ಬಂದೆ.

ಇದನ್ನು ಓದಿ ಹೇಳುತ್ತಿರುವ ನಿನ್ನ ಅಕ್ಕನ ಮಗಳಿಗೂ ಎರಡು ಮಾತು. ಟೀಚರಮ್ಮ, ನಿನ್ನ ಮುಖ ನಾನು ನೋಡಿಲ್ಲ, ನನ್ನ ಮುಖ ನೀನು ನೋಡಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೀಯೆಂದು ಗೊತ್ತು, ಅಷ್ಟೆ. ನಿನ್ನ ಚಿಕ್ಕಮ್ಮನಿಗೆ ಕಣ್ಣು ಕಾಣದ್ದರಿಂದ ನಮ್ಮಿಬ್ಬರ ಮಧ್ಯೆ ನೀನು ಕೂರಬೇಕಾಗಿದೆ. ನಾನು ಬೈದದ್ದನ್ನು ಬೈದ ಹಾಗೇ ಓದು, ಮೆತ್ತಗೆ ಮಾಡಬೇಡ. ನಗು ಬಂದರೆ ನಕ್ಕು ಮುಂದುವರಿಸು.

ಈಗ ಕಾಲಿನ ಸಮಾಚಾರ. ಊತ ಇಳಿದಿದೆ. ಗಿಣ್ಣಿನ ಸುತ್ತ ನೀಲಿ ಹೋಗಿ ಹಸಿರಾಗಿ, ಹಸಿರು ಹೋಗಿ ಹಳದಿಯಾಗಿ, ಈಗ ನನ್ನ ಚರ್ಮದ ಬಣ್ಣಕ್ಕೆ ಬಂದಿದೆ. ಬಟ್ಟೆಯಾಗಿದ್ದರೆ ಬಣ್ಣ ಬಿಡುತ್ತದೆಂದು ಅಂಗಡಿಗೆ ವಾಪಸ್ ಕೊಡುತ್ತಿದ್ದೆ. ಬಿದ್ದದ್ದು ಹೇಗೆಂದು ನೀನು ಅಲ್ಲಿ ಎಲ್ಲರಿಗೂ ಹೇಳಿ ನಗಿಸಿರುತ್ತೀಯ. ನಾನು ಹೇಳುವುದನ್ನೂ ಟೀಚರಮ್ಮ ಕೇಳಲಿ.

ನಾವು ಗೋದಾಮಿನ ಉದ್ದ ಗೋಡೆಯ ಪಕ್ಕ ಓಡುತ್ತಿದ್ದೆವು. ನಾನು ಹೊಲಿದ ಪಟ್ಟಿಯ ಒಂದು ಕುಣಿಕೆ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನೀರಿನ ಪೈಪು ಹಾಕಲು ರಸ್ತೆ ಅಗೆದು, ಅರ್ಧ ಮುಚ್ಚಿ ಹೋಗಿದ್ದರು. ನೀನು ಎಂದಿನ ಹಾಗೆ ಮಾತು ನಿಲ್ಲಿಸಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಕಣ್ಣಿನ ಡಾಕ್ಟರನ್ನು ಕೇಳಿದವರಿಗೆ ನೀನು ಹಲ್ಲಿನ ಡಾಕ್ಟರಿಗೆ ಲೈನು ಕೊಟ್ಟ ಕಥೆ. ನಾನು “ಎಡಕ್ಕೆ ಹಳ್ಳ, ಹಾರು” ಎಂದೆ. ನೀನು ಅಚ್ಚುಕಟ್ಟಾಗಿ ಹಾರಿದೆ. ನನ್ನ ಕಾಲು ನೇರ ಅದೇ ಹಳ್ಳಕ್ಕೆ ಹೋಯಿತು.

“ಹೇಳಿದವಳಿಗೇ ಕೇಳಿಸ್ಲಿಲ್ವೇನೇ?” ಎಂದು ನೀನು ನಿಂತು ನಕ್ಕೆಯಲ್ಲ, ಆಗ ನೋವಿನಲ್ಲೂ ನಿನಗೆರಡು ಬಾರಿಸಬೇಕೆನಿಸಿತ್ತು. ಅಷ್ಟು ವರ್ಷ ನಿನ್ನ ಕಾಲು ಎಲ್ಲಿ ಬೀಳುತ್ತದೆಂದು ನೋಡುವುದೇ ನನ್ನ ಕೆಲಸ. ನನ್ನ ಕಾಲು ಎಲ್ಲಿ ಬೀಳುತ್ತದೆಂದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಆಮೇಲೆ ನಿನ್ನ ಹೆಗಲ ಮೇಲೆ ಕೈ ಹಾಕಿ, ಒಂಟಿಕಾಲಲ್ಲಿ ಕುಪ್ಪಳಿಸುತ್ತಾ, “ಬಲಕ್ಕೆ ತಿರುಗು, ಈಗ ಮೆಟ್ಟಿಲು” ಎಂದು ನಿನಗೆ ದಾರಿ ಹೇಳುತ್ತಾ ಮನೆ ಸೇರಿದೆ. ನಮ್ಮತ್ತೆ ಬಾಗಿಲು ತೆರೆದವರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ” ಎಂದರು. ನಾನು ಬಿದ್ದದ್ದಕ್ಕೆ ಇದಕ್ಕಿಂತ ಸರಿಯಾದ ಮಾತು ಇನ್ನೂ ಯಾರೂ ಹೇಳಿಲ್ಲ.

ಅದೇ ವಾರ ನಿನ್ನ ವರ್ಗಾವಣೆ. ಆಸ್ಪತ್ರೆಯವರಿಗೆ ಅವರ ಹೊಸ ಕಟ್ಟಡಕ್ಕೆ ಫೋನ್ ನೋಡಿಕೊಳ್ಳುವವರು ಆಗಲೇ ಬೇಕಾಗಿತ್ತು. ನಾನು ಸ್ಟೂಲಿನ ಮೇಲೆ ಕಾಲಿಟ್ಟು, ಕಾಲ ಮೇಲೆ ಐಸಿನ ಚೀಲವಿಟ್ಟು ಕೂತಿದ್ದೆ. ನೀನು ಬಂದು ಬ್ಯಾಂಡೇಜನ್ನು ಕೈಯಲ್ಲಿ ಮುಟ್ಟಿ ನೋಡಿ, “ಸಡಿಲ ಕಟ್ಕೊಂಡಿದೀಯಲ್ಲೇ, ದರ್ಜಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ” ಎಂದು ಬಿಚ್ಚಿ ಮತ್ತೆ ಕಟ್ಟಿದೆ. ಬಸ್ ನಿಲ್ದಾಣದವರೆಗೂ ಬಂದು ನಿನ್ನನ್ನು ಹತ್ತಿಸಲು ಆಗಲಿಲ್ಲ. ನಮ್ಮ ಮನೆಯವರೇ ನಿನ್ನ ಪೆಟ್ಟಿಗೆ ಹೊತ್ತು ಬಂದರು. ಸಂಜೆ ಡ್ಯೂಟಿ ಮುಗಿಸಿ ಬಂದು, “ಕಿಟಕಿ ಪಕ್ಕ ಸೀಟು ಕೊಡಿಸ್ದೆ. ಕಿಟಕಿ ಯಾಕೆ ನಂಗೆ ಅಂತ ಜಗಳ ಮಾಡಿದ್ಲು. ಗಾಳಿಗೆ ಅಂದೆ, ಸುಮ್ಮನಾದ್ಲು” ಎಂದರು. ಇಷ್ಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರು, ಆವತ್ತು ಊಟಕ್ಕೆ ಕೂತವರು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಫಿಸಿಯೋ ಮೇಡಂ ಹತ್ತಿರ ಹೋಗುತ್ತಿದ್ದೇನೆ. ಚಿಕ್ಕ ಹುಡುಗಿ, ಆದರೆ ಬಾಯಿ ಜೋರು. ಅವಳು ಹೇಳಿಕೊಟ್ಟ ಮೊದಲ ಪಾಠ ಏನು ಗೊತ್ತಾ? ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಬೇಕು. ಗಿಣ್ಣು ಎಲ್ಲ ಕಡೆಗೂ ತಿರುಗಲಿ ಎಂದು. ಅ, ಆ ಸಲೀಸು. ಋ ಬಂದಾಗ ಪ್ರಾಣವೇ ಬಾಯಿಗೆ ಬಂತು. ಅತ್ತೆ ಎದುರಿಗೆ ಕೂತು, “ಕೊಂಬು ಬಿಟ್ಯಲ್ಲ” ಎಂದು ತಿದ್ದುತ್ತಾರೆ. ಅವರು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ, ನೆನಪಿರಲಿ.

ಹೊಲಿಗೆ ಮಷೀನಿನ ಪೆಡಲು ತುಳಿಯಬಹುದು ಎಂದಿದ್ದಾಳೆ. ಅದೇ ಒಂದು ಪುಣ್ಯ. ಮಿಕ್ಕ ಹೊತ್ತೆಲ್ಲ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಕುಂಟುತ್ತಾ ಸುತ್ತುತ್ತೇನೆ. ಬೆಳಿಗ್ಗೆ ನಾವು ಹೊರಡುತ್ತಿದ್ದ ಹೊತ್ತಿಗೆ ಎಚ್ಚರವಾಗುತ್ತದೆ. ಶೂ ಹಾಕಿಕೊಳ್ಳುವ ಹಾಗಿಲ್ಲ. ನೀನು ಗೇಟಿನ ಚಿಲಕ ಬಡಿಯುವ ಸದ್ದಿಗೆ ಕಾಯುತ್ತೇನೆ. ಬಡಿಯುವವಳು ಇಲ್ಲವೆಂದು ಗೊತ್ತಿದ್ದೂ ಕಾಯುತ್ತೇನೆ.

ನಾವಿಬ್ಬರೂ ಒಟ್ಟಿಗೆ ತುಳಿಯುತ್ತಿದ್ದ ಜೋಡಿ ಸೈಕಲ್ಲು ವರಾಂಡದಲ್ಲಿದೆ. ಧೂಳು ಒರೆಸಿ, ಚೈನಿಗೆ ಎಣ್ಣೆ ಬಿಟ್ಟಿದ್ದೇನೆ. ಹಿಂದಿನ ಸೀಟನ್ನು ಅತ್ತೆ ಟವೆಲು ಒಣಗಿಸಲು ಉಪಯೋಗಿಸುತ್ತಿದ್ದರು. ಜಗಳವಾಡಿ ನಿಲ್ಲಿಸಿದೆ.

ಆರೋಗ್ಯ ನೋಡಿಕೋ. ಹೊಸ ಊರಿನ ಫುಟ್‌ಪಾತಿನ ಮೇಲೆ ಕೋಲಿಲ್ಲದೆ ಶೂರತನ ತೋರಿಸಬೇಡ. ಟೀಚರಮ್ಮನಿಗೆ ಆಶೀರ್ವಾದ.

ನಿನ್ನ,
ದರ್ಜಿ

ತಾ.ಕ.: ಓಡುವ ಪಟ್ಟಿ ನಿನ್ನ ಬ್ಯಾಗಿನಲ್ಲೇ ಹೋಗಿದೆ. ಇರಲಿ, ಕಳಿಸಬೇಡ. ನಾನೇ ಬಂದು ನನ್ನ ಕಡೆಯ ಕುಣಿಕೆ ಹಿಡಿಯುತ್ತೇನೆ.

ಏಪ್ರಿಲ್ ೨೨, ಭಾನುವಾರ

ಪ್ರೀತಿಯ ಬುಗುರಿಗೆ,

ನಿನ್ನ ಕಾಗದ ಓದಿ ಎದೆ ಹೊಡೆದುಕೊಂಡ ರಭಸಕ್ಕೆ ಒಂದು ಅಂಗಿಯ ಎಡಗೈಯನ್ನು ಬಲಗಡೆಗೆ ಹೊಲಿದೆ. ಬಿಚ್ಚಿ ಹೊಲಿಯುವಷ್ಟರಲ್ಲಿ ಅಂಗಿಯವರು ಬಂದರು. ಅವರ ಬೈಗುಳ ನಿನ್ನ ಲೆಕ್ಕಕ್ಕೆ ಬರೆದಿದ್ದೇನೆ.

ನಿಮ್ಮೂರ ನದಿ ದಂಡೆಯ ಮೇಲೆ ಜುಲೈನಲ್ಲಿ ಓಟವಂತೆ. ಕಣ್ಣು ಕಾಣದವರು ಜೊತೆಗಾರರೊಂದಿಗೆ ಜೋಡಿಯಾಗಿ ಓಡಬಹುದಂತೆ. “ಜೊತೆಗಾರರ ಜಾಗದಲ್ಲಿ ನಿನ್ನ ಹೆಸರೇ ಕೊಟ್ಟಿದ್ದೀನಿ, ಕಾಲು ರೆಡಿ ಮಾಡ್ಕೊಂಡು ಬಾ” ಎಂದು ಬರೆಸಿದ್ದೀಯ. ಇದಕ್ಕಿಂತ ದೊಡ್ಡ ಔಷಧಿ ಯಾವ ಡಾಕ್ಟರು ಬರೆದುಕೊಡುತ್ತಾರೆ ಹೇಳು. ಕಾಗದವನ್ನು ಫಿಸಿಯೋ ಮೇಡಂಗೂ ತೋರಿಸಿದೆ. ಅವಳು, “ಕಾಲಿಗೆ ಕಾಗದ ಓದೋಕೆ ಬರಲ್ಲ. ಅವಸರ ಮಾಡಿದ್ರೆ ಇನ್ನೊಂದ್ಸಲ ಉಳುಕುತ್ತೆ, ಆಮೇಲೆ ನನ್ನ ಹತ್ರ ಬರಬೇಡಿ” ಎಂದಳು. ಆದರೂ ಸಣ್ಣಗೆ ನಕ್ಕಳು.

ಈಗ ಒಂಟಿಕಾಲಲ್ಲಿ ನಿಲ್ಲುವ ಪಾಠ ನಡೆದಿದೆ. ಹಲ್ಲುಜ್ಜುವಾಗ ಉಳುಕಿದ ಕಾಲ ಮೇಲೆ ನಿಲ್ಲಬೇಕು. ಅದು ಬಂದ ಮೇಲೆ, ಕಣ್ಣು ಮುಚ್ಚಿ ನಿಲ್ಲಿ ಎಂದಳು. ಕಣ್ಣು ಮುಚ್ಚಿದ್ದೇ ತಡ, ಗೋಡೆಗೆ ಹೋಗಿ ಬಿದ್ದೆ. ಮತ್ತೆ ನಿಂತೆ, ಮತ್ತೆ ಬಿದ್ದೆ. ನೆಲ ಎನ್ನುವುದು ಅಂಗಾಲಿನಲ್ಲಿ ಎಷ್ಟು ಚಿಕ್ಕದಾಗಿ ಉಳಿಯುತ್ತದೆ, ಬುಗುರಿ. ಆ ಚಿಕ್ಕ ನೆಲದ ಮೇಲೆ ನೀನು ಓಡುತ್ತೀಯ, ಹಾರುತ್ತೀಯ, ಜೊತೆಗೆ ಹಲ್ಲಿನ ಡಾಕ್ಟರ ಕಥೆಯನ್ನೂ ಹೇಳುತ್ತೀಯ. ಪೇಸ್ಟಿನ ನೊರೆ ತುಂಬಿದ ಬಾಯಲ್ಲಿ ಗೋಡೆ ಹಿಡಿದು ನಿಂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ. ಟೀಚರಮ್ಮನೂ ಕೇಳಿಸಿಕೊಂಡಳು, ಹೋಗಲಿ ಬಿಡು.

ಸೈಕಲ್ಲು ಹತ್ತಲು ಅಪ್ಪಣೆ ಸಿಕ್ಕಿತು. ಓಟಕ್ಕಿಂತ ಸೈಕಲ್ಲು ಮೊದಲು, ಗಿಣ್ಣಿನ ಮೇಲೆ ಭಾರ ಬೀಳುವುದಿಲ್ಲವಂತೆ. ಮನೆಯಲ್ಲಿರುವ ಸೈಕಲ್ಲು ಒಂದೇ, ನಮ್ಮದು. ಹಿಂದೆ ನೀನಿಲ್ಲದೆ ಅದನ್ನು ಬೀದಿಗಿಳಿಸಿದೆ. ತಿರುವಿನಲ್ಲಿ ನೀನು ಎಷ್ಟು ಒಪ್ಪವಾಗಿ ಮೈ ವಾಲಿಸುತ್ತಿದ್ದೆಯೆಂದು ಆಗ ಗೊತ್ತಾಯಿತು. ಈಗ ಹಿಂದಿನ ಅರ್ಧ ನನ್ನ ಮಾತೇ ಕೇಳುವುದಿಲ್ಲ. ನಾನು ತುಳಿದರೆ ನಿನ್ನ ಪೆಡಲುಗಳೂ ತಾವಾಗಿ ತಿರುಗುತ್ತವೆ. ಮೊದಲ ದಿನ ಆ ಸದ್ದಿಗೆ ಹಿಂದಕ್ಕೆ ತಿರುಗಿ ನೋಡಿ ಚರಂಡಿಗೆ ಹೋಗುವುದರಲ್ಲಿದ್ದೆ.

ಬೀದಿಯವರಿಗೆ ಇದೇ ಒಂದು ಮೋಜು. ಮೂಲೆಯ ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, “ಅಕ್ಕಾ, ಹಿಂದಿನೋರು ಬಿದ್ಹೋದ್ರು, ನೋಡ್ಕೊಳಿ” ಎಂದು ದಿನಾ ಕೂಗುತ್ತಾನೆ. “ಗೊತ್ತಪ್ಪಾ, ತರೋಕೇ ಹೋಗ್ತಿದೀನಿ” ಎಂದು ನಾನೂ ಕೂಗುತ್ತೇನೆ. ಇವರಂತೂ, “ನಮ್ಮ ಬಸ್ಸಲ್ಲಿ ಸೀಟು ಖಾಲಿ ಇದ್ರೆ ಕರೆದೂ ಕರೆದೂ ಗಂಟಲು ಹರಿಯುತ್ತೆ. ನೀನು ಖಾಲಿ ಸೀಟು ಹೊತ್ಕೊಂಡು ಊರು ಸುತ್ತುತೀಯಲ್ಲೇ” ಎಂದರು. ಒಂದು ಸಂಜೆ ಅವರೇ ಹಿಂದೆ ಕೂತರು. ಕಂಡಕ್ಟರಿಗೆ ಕೂತು ಅಭ್ಯಾಸವಿಲ್ಲ. ತುಳಿಯುವುದು ಬಿಟ್ಟು, “ಹೋಲ್ಡಾನ್, ರೈಟ್” ಎನ್ನುತ್ತಾ ಕಾಲು ಚಾಚಿಕೊಂಡಿದ್ದರು. ಮನೆಗೆ ಬಂದು ಬೆನ್ನು ನೋವೆಂದು ಮಲಗಿದರು.

ಕೊನೆಗೆ ಓಟ. ಓಟವೆಂದರೆ ನಗಬೇಡ. ಒಂದು ದೀಪದ ಕಂಬದಿಂದ ಮುಂದಿನದಕ್ಕೆ ಓಡುವುದು, ಅಲ್ಲಿಂದ ಅದರ ಮುಂದಿನದಕ್ಕೆ ನಡೆಯುವುದು. ಮೊದಲ ದಿನ ಕಾಲಿಗೆ ನೆಲದ ಮೇಲೆ ನಂಬಿಕೆಯೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಕೇಳಿ ಕೇಳಿ ಇಡುತ್ತಿತ್ತು. ಮೂರನೇ ಕಂಬದ ಹತ್ತಿರ ರಸ್ತೆ ತಗ್ಗಿದೆಯಲ್ಲ, ಅಲ್ಲಿಗೆ ಬಂದಾಗ ನನ್ನ ಬಾಯಿ ತಾನಾಗಿ “ಕೆಳಗೆ” ಎಂದು ಕೂಗಿತು. ಪೇಪರು ಹಾಕುವವನು ಸೈಕಲ್ಲು ನಿಲ್ಲಿಸಿ, “ಯಾರಿಗೆ ಹೇಳ್ತಿದೀರಕ್ಕಾ?” ಎಂದ. ನನ್ನ ಬಲಗೈ ಮೈಯಿಂದ ದೂರ ಚಾಚಿಕೊಂಡಿತ್ತು, ಪಟ್ಟಿ ಹಿಡಿದ ಹಾಗೆ. “ನನ್ನ ಕಾಲಿಗೇ ಹೇಳ್ತಿದೀನಿ ಕಣಪ್ಪ” ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ನೀನು ಬರೆಸಿದ ಇನ್ನೊಂದು ವಿಷಯಕ್ಕೆ ಬರುತ್ತೇನೆ. ನಾನು ಬರುವವರೆಗೆ ಕಾಲು ತುಕ್ಕು ಹಿಡಿಯಬಾರದೆಂದು ಟೀಚರಮ್ಮ ನಿನ್ನನ್ನು ನದಿ ದಂಡೆಯಲ್ಲಿ ಓಡಿಸುತ್ತಿದ್ದಾಳಂತೆ. ಒಳ್ಳೆಯದು. ಒಳ್ಳೆಯದು ಎಂದು ಬರೆಯುವ ಮೊದಲು ಅರ್ಧ ಗಂಟೆ ಪೆನ್ನು ಕಚ್ಚಿಕೊಂಡು ಕೂತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. “ಇವಳು ನಿನ್ನ ಹಾಗಲ್ಲ, ಬಾಯೇ ಬಿಡಲ್ಲ” ಎಂದಿದ್ದೀಯ. ಅದು ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ನಾನೆಲ್ಲಿ ಮಾತಾಡುತ್ತಿದ್ದೆ? ಮಾತೆಲ್ಲ ನಿನ್ನದೇ.

ಟೀಚರಮ್ಮ, ಓಡಿಸುವುದೇ ಆದರೆ ಸರಿಯಾಗಿ ಓಡಿಸು. “ಹುಷಾರು” ಎಂದು ಮಾತ್ರ ಅನ್ನಬೇಡ. ಹುಷಾರು ಎಂದರೆ ಅವಳಿಗೆ ಏನೂ ಗೊತ್ತಾಗುವುದಿಲ್ಲ, ಹೆದರಿಕೆ ಮಾತ್ರ ಆಗುತ್ತದೆ. ಮೇಲೆ, ಕೆಳಗೆ, ಎಡ, ಬಲ, ಹಾರು, ಇಷ್ಟೇ ಸಾಕು. ಅವಳ ಮೊಣಕೈ ಹಿಡಿದು ಎಳೆಯಬೇಡ, ಕೋಪ ಬರುತ್ತದೆ. ಓಟ ಮುಗಿದ ಮೇಲೆ ಬೆವರು ಆರುವ ಮೊದಲೇ ನೀರು ಕುಡಿಯುತ್ತಾಳೆ, ಬಿಡಬೇಡ. ಬೇಸಿಗೆಯಲ್ಲಿ ಎಡಗಾಲಿನ ಕಿರುಬೆರಳಿಗೆ ಗುಳ್ಳೆ ಬರುತ್ತದೆ, ಕೇಳಿದರೆ ಇಲ್ಲ ಅನ್ನುತ್ತಾಳೆ, ಸಾಕ್ಸು ಬಿಚ್ಚಿಸಿ ನೋಡು. ಇದೆಲ್ಲ ಜುಲೈವರೆಗೆ ಮಾತ್ರ. ಆಮೇಲೆ ನಾನು ಬರುತ್ತೇನೆ.

ಅತ್ತೆ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಇವರೂ ಕೇಳಿದ್ದಾರೆ. ನಾನು ಮಾತ್ರ ಕೇಳುವುದಿಲ್ಲ, ನೇರ ಬಂದೇ ನೋಡುತ್ತೇನೆ. ಸುಖವಾಗಿರು.

ನಿನ್ನ,
ದರ್ಜಿ

ತಾ.ಕ.: ಬುಗುರಿ, ಅವಳ ಜೊತೆ ಓಡುವಾಗ ಅವಳಿಗೂ ಕಥೆ ಹೇಳುತ್ತೀಯಾ? ಹೇಳಿದರೆ ಹೇಳು. ಹಲ್ಲಿನ ಡಾಕ್ಟರದು ಮಾತ್ರ ನನಗಿರಲಿ.

ಜೂನ್ ೧೭, ಭಾನುವಾರ

ಪ್ರೀತಿಯ ಬುಗುರಿಗೆ,

ನಾಲ್ಕೈದು ಸಲ ಫೋನ್ ಮಾಡಿದೆಯಂತೆ. ನಾನು ಅಂಗಡಿಯಲ್ಲಿದ್ದೆ, ಮಷೀನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಎರಡು ಸಲ ಅತ್ತೆ ಎತ್ತಿ ನಿನ್ನ ಜೊತೆ ಅಷ್ಟು ಹೊತ್ತು ಹರಟಿ, ನನಗೆ ಕೊಡದೆ ಇಟ್ಟುಬಿಟ್ಟರು. ಕೋಪ ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಕಾಲ, ಯೂನಿಫಾರಮ್ಮಿನ ರಾಶಿ ನನ್ನ ಕುತ್ತಿಗೆಯವರೆಗೆ ಬಂದಿದೆ.

ಒಂದು ವಿಷಯ ಹೇಳಬೇಕು, ಸುತ್ತಿ ಬಳಸಿ ಹೇಳುವುದಿಲ್ಲ. ಕಾಲು ಮಾತು ಕೇಳುತ್ತಿಲ್ಲ. ನಡೆಯಲು ಅಡ್ಡಿಯಿಲ್ಲ, ಸೈಕಲ್ಲಿಗೂ ಅಡ್ಡಿಯಿಲ್ಲ. ಓಡಲು ಹೋದರೆ ಗಿಣ್ಣಿನ ಹೊರಗಡೆ ಹಿಡಿದುಕೊಳ್ಳುತ್ತದೆ. ಫಿಸಿಯೋ ಮೇಡಂ ಓಟದ ಆಸೆ ಈ ವರ್ಷ ಬಿಟ್ಟುಬಿಡಿ ಎಂದಿದ್ದಾಳೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅತ್ತೆ ದಿನಾ ಹೇಳುತ್ತಾರೆ. ಅಷ್ಟು ವರ್ಷ ಓಡಿ ಮಾಡಿಕೊಂಡ ಕಾಲು, ಒಂದು ಹಳ್ಳಕ್ಕೆ ಹೋಯಿತು.

ಹೆಸರು ಬದಲಾಯಿಸಲು ಈ ತಿಂಗಳ ಕೊನೆಯವರೆಗೆ ಸಮಯವಿದೆಯೆಂದು ನೀನೇ ಬರೆಸಿದ್ದೆ. ನನ್ನ ಹೆಸರು ಹೊಡೆದುಹಾಕಿ ಟೀಚರಮ್ಮನ ಹೆಸರು ಕೊಡು. ಹಟ ಮಾಡಬೇಡ. ನೀನಿಲ್ಲದಿದ್ದರೆ ನಾನೂ ಓಡಲ್ಲ ಎಂದು ನಾಟಕವಾಡಬೇಡ. ನಿನ್ನ ನಾಟಕ ನನಗೆ ಗೊತ್ತು. ಈ ಓಟ ನೀನು ಓಡಲೇಬೇಕು. ಓಡಿದ ಮೇಲೆ ನನಗೆ ಎಲ್ಲವನ್ನೂ ಬರೆಸು. ಗಾಳಿ ಯಾವ ಕಡೆಯಿಂದ ಬಂತು, ಜನ ಏನೆಂದು ಕೂಗಿದರು, ಕೊನೆಗೆ ಕಾಲ ಕೆಳಗೆ ಮಣ್ಣಿತ್ತೋ ಹುಲ್ಲಿತ್ತೋ, ಎಲ್ಲ.

ಸೈಕಲ್ಲು ಕಳಿಸಲೇ ಎಂದು ಇವರು ಕೇಳಿದರು. ಬಸ್ಸಿನ ಮೇಲೆ ಕಟ್ಟಿ ಕಳಿಸಬಹುದಂತೆ, ಅಲ್ಲಿ ನೀವಿಬ್ಬರೂ ಹೊಡೆಯಬಹುದಂತೆ. ಆಗಲ್ಲ ಎಂದೆ. ಓಟ ಬೇಕಾದರೆ ಕೊಡುತ್ತೇನೆ, ಸೈಕಲ್ಲು ಕೊಡುವುದಿಲ್ಲ. ಅದು ನನ್ನ ವರಾಂಡದಲ್ಲಿ ಇರುತ್ತದೆ. ರಜೆಗೆ ಬಂದಾಗ ಹಿಂದೆ ಕೂರು, ಊರೆಲ್ಲ ಸುತ್ತಿಸುತ್ತೇನೆ. ಕ್ಷೌರದಂಗಡಿಯವನ ಬಾಯಿ ಮುಚ್ಚಿಸಬೇಕಾಗಿದೆ.

ನೀನಿಲ್ಲದೆ ಬೇಜಾರು. ಇದಕ್ಕೆ ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಗೆದ್ದು ಬಾ, ಸೋತು ಬಾ, ಬೀಳದೆ ಬಾ. ನಿನ್ನ ಕಾಲಿಗೆ ಯಾವ ಹಳ್ಳವೂ ಸಿಗದಿರಲಿ.

ಯಾವಾಗಲೂ ನಿನ್ನ,
ದರ್ಜಿ

ತಾ.ಕ.: ಟೀಚರಮ್ಮ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಕಾಗದ ಮುಗಿಯಿತೆಂದು ಹೇಳಿ ಮಡಚಿಡು. ನೀನೊಬ್ಬಳೇ ಇರುವಾಗ ತೆಗೆದು ಓದು.

ಮೇಲೆ ಬರೆದದ್ದು ಸುಳ್ಳು. ನನ್ನ ಕಾಲು ಪೂರ್ತಿ ವಾಸಿಯಾಗಿದೆ. ಫಿಸಿಯೋ ಮೇಡಂ ಒಂಟಿಕಾಲಲ್ಲಿ ಕುಣಿಸಿ, ಮೆಟ್ಟಿಲಿಂದ ಹಾರಿಸಿ, ಇನ್ನು ಬರಬೇಡಿ, ಓಡಿ ಎಂದು ಕಳಿಸಿದ್ದಾಳೆ. ನಾನೂ ಬುಗುರಿಯೂ ಓಡುತ್ತಿದ್ದ ದಾರಿಯನ್ನು ಮೊದಲಿಂದ ಕೊನೆಯವರೆಗೆ ಒಬ್ಬಳೇ ಓಡಿದೆ. ಒಂಚೂರೂ ನೋಯಲಿಲ್ಲ. ಫೋನಿನಲ್ಲಾದರೆ ನನ್ನ ದನಿ ಕೇಳಿದ ಕೂಡಲೇ ಸುಳ್ಳು ಹಿಡಿಯುತ್ತಾಳೆ. ದಿನವಿಡೀ ಜನರ ದನಿ ಕೇಳಿ ಬದುಕುವವಳು. ಅದಕ್ಕೇ ಎತ್ತಲಿಲ್ಲ. ನಿನ್ನ ದನಿಯಲ್ಲಿ ಕೇಳಿದರೆ ನಂಬುತ್ತಾಳೆ.

ಹೋದ ಭಾನುವಾರ ನಾನು ನಿಮ್ಮೂರಿಗೆ ಬಂದಿದ್ದೆ. ಕಾಲು ಸರಿಹೋಯಿತೆಂದು ಕಾಗದದಲ್ಲಿ ಹೇಳುವುದು ಬೇಡ, ಪಕ್ಕದಲ್ಲಿ ನಿಂತು ಹೇಳೋಣವೆಂದುಕೊಂಡೆ. ಇವರ ಗೆಳೆಯರ ಬಸ್ಸಿನಲ್ಲಿ ಮುಂಜಾನೆಗೇ ಹೊರಟೆ. ಓಡುವ ಶೂ ಹಾಕಿಕೊಂಡೇ ಬಂದಿದ್ದೆ. ದಾರಿಯುದ್ದಕ್ಕೂ ಮೊದಲು ಏನೆನ್ನಬೇಕೆಂದು ಯೋಚಿಸಿದೆ. ಸುಮ್ಮನೆ ಹಿಂದಿನಿಂದ ಬಂದು “ಎಡಕ್ಕೆ ಹಳ್ಳ” ಎಂದರೆ ಸಾಕು, ಅವಳೇ ನಿಲ್ಲುತ್ತಾಳೆ ಎಂದುಕೊಂಡೆ.

ನದಿ ದಂಡೆಯಲ್ಲಿ ಕಲ್ಲುಬೆಂಚಿನ ಹತ್ತಿರ ನಿಂತೆ. ದೂರದಲ್ಲಿ ನೀವಿಬ್ಬರೂ ಬರುವುದು ಕಾಣಿಸಿತು. ನನಗೆ ಮೊದಲು ಅವಳ ಗುರುತೇ ಸಿಗಲಿಲ್ಲ. ತಲೆ ಎತ್ತಿ, ಎದೆ ಮುಂದೆ ಮಾಡಿ, ಉದ್ದುದ್ದ ಹೆಜ್ಜೆ ಹಾಕುತ್ತಾ ಬರುತ್ತಿದ್ದಳು. ಬುಗುರಿ ಹೀಗೆ ಓಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ಬಾಯಿ ಮುಚ್ಚಿತ್ತು. ಒಂದು ಮಾತೂ ಇಲ್ಲ, ಬರೀ ಉಸಿರು.

ನನ್ನ ಜೊತೆ ಓಡುವಾಗ ದಾರಿ ಮುಗಿಯುವವರೆಗೂ ಮಾತಾಡುತ್ತಿದ್ದಳು. ಅದು ಅವಳ ಸ್ವಭಾವ ಎಂದುಕೊಂಡಿದ್ದೆ. ಅಲ್ಲ ಟೀಚರಮ್ಮ. ನನ್ನ ವೇಗಕ್ಕೆ ಓಡಿದರೆ ಅವಳಿಗೆ ಕಥೆ ಹೇಳುವಷ್ಟು ಉಸಿರು ಮಿಗುತ್ತಿತ್ತು. ನಾನು ಅವಳನ್ನು ಓಡಿಸುತ್ತಿದ್ದೇನೆಂದು ತಿಳಿದಿದ್ದೆ. ಅವಳು ನನಗೋಸ್ಕರ ನಿಧಾನ ಮಾಡುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಒಂದು ದಿನವೂ ಪಟ್ಟಿ ಎಳೆಯಲಿಲ್ಲ. ಈಗ ನಾನು ಬಂದೆನೆಂದರೆ ಖುಷಿಯಿಂದ ಮತ್ತೆ ನಿಧಾನ ಮಾಡುತ್ತಾಳೆ. ಓಟದ ದಿನವೂ ಕಥೆ ಹೇಳುತ್ತಾ ಎಲ್ಲರಿಗಿಂತ ಹಿಂದೆ ಬರುತ್ತಾಳೆ. ಚೆನ್ನಾಗಿತ್ತು ಅನ್ನುತ್ತಾಳೆ. ಅದು ನನಗೆ ಬೇಡ. ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು, ಇಲ್ಲವೆನ್ನುವುದಿಲ್ಲ. ಆದರೂ ಅವಳು ಹಾಗೆ ಓಡುವುದನ್ನು ನಾನು ಇನ್ನೂ ಒಂದು ಸಲ ನೋಡಬೇಕು.

ನೀವು ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ನಿಂತೆ. ನನ್ನ ಉಸಿರು ಅವಳಿಗೆ ಗೊತ್ತಾಗುತ್ತದೆ. ಕೈ ಚಾಚಿದ್ದರೆ ಮುಟ್ಟುತ್ತಿದ್ದೆ. ನೀನು, “ಬಲಗಡೆ ಒಬ್ರು ನಿಂತಿದಾರೆ” ಎಂದೆ. ಅವಳು ಹೆಜ್ಜೆ ಸ್ವಲ್ಪ ತಡೆದು, ನನ್ನ ಕಡೆಗೆ ಮುಖ ತಿರುಗಿಸಿ, “ಯಾರು?” ಎಂದಳು.

“ಯಾರೋ ಒಬ್ರು, ಚಿಕ್ಕಮ್ಮ” ಎಂದೆ ನೀನು.

ನಿನ್ನ ತಪ್ಪೇನಿಲ್ಲ, ನೀನು ಕಂಡದ್ದನ್ನೇ ಹೇಳಿದೆ. ಜುಲೈನಲ್ಲಿ ಓಟದ ದಿನವೂ ನಾನು ದಾರಿ ಪಕ್ಕದಲ್ಲಿ ನಿಂತಿರುತ್ತೇನೆ. ಅವಳು ಕೇಳಿದರೆ ಹಾಗೇ ಹೇಳು.